ಹರಣಿಯ ಸಂಜೆಯ ಗುಳಿಗೆ

ಮೊನ್ನೆ ಮಿರಜ ಸ್ಟೇಷನ್ನಿನಿಂದ ಮಾಲಗಾಂವಕ್ಕೆ ಶೇರ್ ರಿಕ್ಷಾದಲ್ಲಿ ಹೊರಟಿದ್ದೆ. ಜಿಟಿಜಿಟಿ ಮಳೆ. ಪರದೆ ಅನ್ನೋ ಪ್ಲಾಸ್ಟಿಕ್ಕು ಹರಿದಿದ್ದರಿಂದ ನನ್ನ ಒಂದು ತೋಳು ಪೂರ್ತಿ ತೊಯ್ದಿತ್ತು. ಊರು ಇನ್ನೇನು ಬಂತು ಅನ್ನುವಾಗ ಯಾರದೋ ಕೊಟ್ಟಿಗೆಯಿಂದ ಹಸಿ ಬೇವಿನ ತಪ್ಪಲು ಸುಡುವ ಹೊಗೆ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಈ ಸಲ ಗುಂಗಾಡ ಭಾಳ ಆಗ್ಯಾವ ನೋಡ್ರಿ, ದನಾ ನಿಂದ್ರವಲ್ಲವು" ಅಂದಳು. ಸೊಳ್ಳೆ ಓಡಿಸುವ ಹೊಗೆ ಅದು. ಹೂಂ ಅಂದೆ. ನನ್ನ ಕಣ್ಣಲ್ಲಿ ನೀರು ಬಂದಿದ್ದು ಹೊಗೆಗೆ ಅಂತ ಆಕೆ ತಿಳಿದುಕೊಂಡಿರಬೇಕು. ನಾನಾಗಲೇ ದನಗಳಿಗೆ ಲಂಪಿ ರೋಗ ಬಂದ ಆ ಮಳೆಗಾಲಕ್ಕೆ ಹೋಗಿಬಿಟ್ಟಿದ್ದೆ.

ಆ ವರ್ಷ ನಾನು ಮಿರಜದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಇರುತ್ತಿದ್ದದ್ದು ಮಾಲಗಾಂವದ ಮಾವಶಿಯ ಮನೆಯಲ್ಲಿ. ಮಾವಶಿ ಅಂದರೆ ನಮ್ಮ ಅವ್ವನ ಅಕ್ಕ. ಅವ್ವ ಬೇಗ ಹೋದಳು, ಬೆಳೆಸಿದವಳು ಇವಳೇ, ಹಾಗಾಗಿ ಎಲ್ಲ ಹಿರಿಯರಿಗೂ ನೀವು ಅನ್ನುವ ನಾನು ಇವಳಿಗೆ ಮಾತ್ರ ನೀ ಅನ್ನುತ್ತೇನೆ. ಅವಳ ಗಂಡ ಕಾಕಾಗೆ ದ್ರಾಕ್ಷಿ ಬಾಗು, ಅಂದರೆ ತೋಟ; ಮಾವಶಿಗೆ ಕೊಟ್ಟಿಗೆ. ನಾವು ಜೈನರು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ಮರಾಠಿ, ಜಗಳಕ್ಕೆ ನಿಂತರೆ ಎರಡೂ.

ನನ್ನ ಕೆಲಸವೇನು ಅನ್ನುವುದನ್ನು ಮಾವಶಿಗೆ ತಿಳಿಸಲು ಹೋಗಿ ನಾನು ಎಷ್ಟು ಸಲ ಸೋತಿದ್ದೇನೋ. ದನಗಳ ಮೈಮೇಲೆ ಗಂಟು ಏಳುತ್ತವಲ್ಲ, ಆ ಲಂಪಿಯ ವೈರಸ್ಸು ದನದ ಜೀವಕೋಶದೊಳಗೆ ಹೊಕ್ಕು ತನಗೆ ಬೇಕಾದ ಪ್ರೋಟೀನುಗಳನ್ನು ಅಲ್ಲೇ ಮಾಡಿಸಿಕೊಳ್ಳುತ್ತದೆ. ಅವುಗಳಲ್ಲಿ ಕೆಲವು ಮೊದಲು ಅಂಗಡಿಯಿಂದ ತಂದ ಅರಿವೆಯ ಹಾಗೆ ಉದ್ದಕ್ಕೆ ಇರುತ್ತವೆ. ಕತ್ತರಿಸಬೇಕಾದ ಕಡೆ ಕತ್ತರಿಸಿದರೆ ಮಾತ್ರ ಹೊಸ ವೈರಸ್ಸಿಗೆ ಅಂಗಿ ಆಗುತ್ತದೆ. ಆ ಕತ್ತರಿಯ ಹೆಸರು ಪ್ರೋಟಿಯೇಸ್. ಕತ್ತರಿಯ ಬಾಯಿಗೆ ಸಿಕ್ಕಿಕೊಂಡು ಅದನ್ನು ಆಡಗೊಡದ ಔಷಧ ಪ್ರೋಟಿಯೇಸ್ ಇನ್ಹಿಬಿಟರ್. ಮನುಷ್ಯರ ಬೇರೆ ಕಾಯಿಲೆಗಳ ವೈರಸ್ಸಿಗೆ ಇಂಥ ಗುಳಿಗೆಗಳು ಮೊದಲಿನಿಂದಲೂ ಇವೆ. ಅವು ಲಂಪಿಯ ಕತ್ತರಿಗೂ ಅಡ್ಡ ಬರುತ್ತವೆಯೇ ಅಂತ ನಾವು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ನೋಡುತ್ತಿದ್ದೆವು. ಕೆಲವು ತಟ್ಟೆಗಳಲ್ಲಿ ವೈರಸ್ಸು ನಿಜಕ್ಕೂ ಕಡಿಮೆಯಾಗಿತ್ತು. ಕೆಲವದರಲ್ಲಿ ಏನೂ ಆಗಿರಲಿಲ್ಲ. ಯಾಕೆ ಅಂತ ನಮಗೆ ಗೊತ್ತಿರಲಿಲ್ಲ.

ಮಾವಶಿ ಇಷ್ಟನ್ನೂ ಕೇಳಿ ಬಸದಿಯ ಕಟ್ಟೆಯ ಮೇಲೆ ಹೋಗಿ ಹೇಳಿದ್ದು ಒಂದೇ ಮಾತು: "ನಮ್ಮ ಸುಜಿ ಲಂಪಿಗೆ ಔಷಧ ಕಂಡ ಹಿಡದಾಳ."

ಸಿಟ್ಟು ನೆತ್ತಿಗೇರಿತು ನನಗೆ. "ಕಂಡ ಹಿಡದಿಲ್ಲ ಮಾವಶಿ, ಇನ್ನಾ ತಟ್ಟ್ಯಾಗ ನೋಡಾಕತ್ತೇವಿ. ಮಂದಿ ನಾಳೆ ನನ್ನ ಕೊಳ್ಳಪಟ್ಟಿ ಹಿಡೀತಾರ."

"ತಟ್ಟ್ಯಾಗ ಸಾಯೂ ಜಡ್ಡು ಕೊಟ್ಟಿಗ್ಯಾಗ ಯಾಕ ಸಾಯಂಗಿಲ್ಲ?" ಅಂದಳು. ಇದಕ್ಕೆ ಉತ್ತರ ಕೊಡಲು ನಮ್ಮ ಪ್ರಯೋಗಾಲಯದ ಮ್ಯಾಡಮ್ಮನವರಿಗೂ ಅರ್ಧ ದಿನ ಬೇಕಾಗುತ್ತಿತ್ತು.

ಹರಣಿ ಮಾವಶಿಯ ಖಿಲಾರಿ ತಳಿಯ ಆಕಳು. ಕರುವಿದ್ದಾಗ ಸಾಂಗ್ಲಿವಾಡಿಯಿಂದ ತಂದದ್ದು. "ಮರಾಠಿ ಮಂದಿ ಮನ್ಯಾಗ ಹುಟ್ಟಿದ್ದು, ಅದಕ್ಕ ಕನ್ನಡ ತಿಳಿಯಂಗಿಲ್ಲ" ಅಂತ ಮಾವಶಿ ಮೊದಲ ದಿನವೇ ತೀರ್ಮಾನ ಮಾಡಿ, ಅವಳೊಡನೆ ಮರಾಠಿಯಲ್ಲಿ ಮಾತಾಡಲು ಶುರು ಮಾಡಿದ್ದಳು. ವರ್ಷಗಳು ಕಳೆದರೂ ಅದು ಹಾಗೇ ಉಳಿಯಿತು. ನಮಗೆಲ್ಲ ಕನ್ನಡದಲ್ಲಿ ಬೈಗುಳ, ಹರಣಿಗೆ ಮಾತ್ರ "ಯೇ ಗ ಬಾಯಿ, ಯೇ", ಬಾರವ್ವಾ ಬಾ, ಅಂತ ಮುದ್ದು. ಕಾಕಾ ನಗುತ್ತಿದ್ದರು, "ನಾನೂ ಸಾಂಗ್ಲಿವಾಡ್ಯಾಗ ಹುಟ್ಟಬೇಕಾಗಿತ್ತ ನೋಡವಾ" ಅಂತ.

ಆಷಾಢದಲ್ಲಿ ಚಾತುರ್ಮಾಸ ಕೂತಿತು. ಮಳೆಗಾಲದ ಈ ನಾಲ್ಕು ತಿಂಗಳು ನಮ್ಮ ಮುನಿಗಳು, ಸನ್ಯಾಸಿನಿಯರಾದ ಮಾತಾಜಿಗಳು ಊರೂರು ತಿರುಗದೆ ಒಂದೇ ಕಡೆ ನಿಲ್ಲುತ್ತಾರೆ. ಆ ವರ್ಷ ನಮ್ಮೂರ ಬಸದಿಯಲ್ಲಿ ಒಬ್ಬರು ಮಾತಾಜಿ ನಿಂತಿದ್ದರು. ಮನೆಮನೆಯಲ್ಲೂ ನೇಮ ಬಿಗಿಯಾಯಿತು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ ಅನ್ನುವುದು ನಮಗೆ ಎಂದಿನದೇ. ಮಾವಶಿ ಅದನ್ನು ಇನ್ನೂ ಒಂದು ಬಿಗಿ ಬಿಗಿದು ನೀರನ್ನೂ ಬಿಟ್ಟಳು. ಮೋಡ ಕವಿದು ಸೂರ್ಯ ಕಾಣದ ದಿನ ಮಧ್ಯಾಹ್ನಕ್ಕೇ ಒಲೆ ಆರಿಸಿಬಿಡುತ್ತಿದ್ದಳು. ಎಲ್ಲಿ ಮುಳುಗಿದ್ದು ತಿಳಿಯದೇ ಹೋದೀತೋ ಅಂತ. ನಾನು ಸಂಜೆ ಬಸ್ಸಿಳಿದು ಮನೆಗೆ ಬಂದರೆ ಒಂದು ತಾಟು ತಣ್ಣಗಿನ ಭಕ್ಕರಿ, ಪಕ್ಕದಲ್ಲಿ ಅವಳ ಗಂಟುಮುಖ. "ತಿನ್ನು, ನೀ ಓದಿದಾಕಿ, ನಿನಗ್ಯಾವ ಪಾಪ" ಅನ್ನುತ್ತಿದ್ದಳು. ಹಸಿದ ಹೊಟ್ಟೆ ಎಲ್ಲಿ ಕೇಳುತ್ತದೆ, ತಿನ್ನುತ್ತಿದ್ದೆ.

ಶ್ರಾವಣದ ಹೊತ್ತಿಗೆ ನಮ್ಮೂರಿಗೂ ಲಂಪಿ ಬಂತು, ಸಲಗರೆ ಕಡೆಯಿಂದ ಅಂತ ಒಬ್ಬರು, ಸಂತೆಯಿಂದ ಅಂತ ಇನ್ನೊಬ್ಬರು. ದನದ ಸಂತೆ ನಿಂತಿತು. ಮಂದಿ ಒಬ್ಬರ ಕೊಟ್ಟಿಗೆಗೆ ಒಬ್ಬರು ಹೋಗುವುದನ್ನು ಬಿಟ್ಟರು. ಸಂಜೆಯಾದರೆ ಊರಿಗೆ ಊರೇ ಬೇವಿನ ಹೊಗೆಯಲ್ಲಿ ಕೆಮ್ಮುತ್ತಿತ್ತು. ಸರಕಾರಿ ದನದ ಡಾಕ್ಟರರು, ಮಾನೆ ಅಂತ, ಬೆಳಗಿನಿಂದ ಲಸಿಕೆ ಹಾಕಿ ಹಾಕಿ ಕೈ ಸೋತು ನಮ್ಮ ಮನೆಗೆ ಚಹಾಕ್ಕೆ ಬರುತ್ತಿದ್ದರು. ಹರಣಿಗೂ ಅವರೇ ಲಸಿಕೆ ಹಾಕಿದರು. ಹಾಕಿ ವಾರ ತುಂಬುವುದರೊಳಗೆ ಹರಣಿಯ ಕುತ್ತಿಗೆಯ ಮೇಲೆ ಗಂಟುಗಳು ಎದ್ದವು.

ಲಸಿಕೆಯಿಂದಲೇ ಬಂತೆ? ಲಸಿಕೆಗೆ ಮೊದಲೇ ಹೊಕ್ಕಿತ್ತೆ? ಲಸಿಕೆ ಕೆಲಸ ಮಾಡುವುದಕ್ಕೆ ದಿನ ಸಾಲಲಿಲ್ಲವೇ? ಮಾನೆ ಡಾಕ್ಟರರು ಜ್ವರ ನೋಡಿ, ಎದೆಯ ಕೆಳಗೆ ಬಾವು ಒತ್ತಿ ನೋಡಿ, ತಲೆ ಕೆರೆದುಕೊಂಡು "ಬಘೂಯಾ, ನೋಡೂಣು" ಅಂದರು. ಡಾಕ್ಟರು ಎರಡು ಭಾಷೆಯಲ್ಲೂ ನೋಡೋಣ ಅಂದರೆ ಯಾವ ಭಾಷೆಯಲ್ಲೂ ಭರವಸೆ ಇಲ್ಲ ಅಂತಲೇ ಅರ್ಥ.

ಜ್ವರದ ಇಂಜೆಕ್ಷನ್ನು, ಹುಣ್ಣಿಗೆ ಮುಲಾಮು, ಅರಿಶಿನ, ಬೇವು ಎಲ್ಲ ಆಯಿತು. ಹರಣಿ ಮೇವು ಮೂಸಿ ಮುಖ ತಿರುಗಿಸಿದಳು. ಕಣ್ಣಿಂದ ನೀರು, ಬಾಯಿಂದ ಜೊಲ್ಲು, ಹಿಂಗಾಲು ಊದಿ ಕಂಬವಾಗಿತ್ತು. ಮಾವಶಿ ನನ್ನ ಮುಂದೆ ಬಂದು ನಿಂತಳು.

"ಕೊಡು."

"ಏನ?"

"ನಿನ್ನ ಔಷಧ. ಕತ್ತರಿ ಹಿಡಿಯೂದು."

"ಅದು ಔಷಧ ಅಲ್ಲ ಮಾವಶಿ. ಆಕಳಿಗೆ ಯಾರೂ ಕೊಟ್ಟ ನೋಡಿಲ್ಲ. ಎಷ್ಟ ಕೊಡಬೇಕು, ಹೊಟ್ಟ್ಯಾಗ ಕರಗತೈತೋ ಇಲ್ಲೋ, ಏನೂ ಗೊತ್ತಿಲ್ಲ."

"ಗೊತ್ತ ಇರೂದೆಲ್ಲಾ ಕೊಟ್ಟಾತು. ಇನ್ನ ಗೊತ್ತ ಇಲ್ಲದ್ದ ಕೊಡು."

ನಾನು ಪ್ರಯೋಗಾಲಯದಲ್ಲಿ ಕೇಳಿದೆ. ಮ್ಯಾಡಮ್ ಕನ್ನಡಕ ತೆಗೆದು ನನ್ನನ್ನು ನೋಡಿದರು. "ತಟ್ಟೆ ಬೇರೆ, ಆಕಳು ಬೇರೆ. ನಮ್ಮ ಕಡೆಯಿಂದ ಒಂದು ಹನಿಯೂ ಹೊರಗೆ ಹೋಗಬಾರದು" ಅಂದರು. ಸರಿಯಾದ ಮಾತೇ. ಮಾನೆ ಡಾಕ್ಟರರಿಗೆ ಹೇಳಿದೆ. ಅವರು ಚಹಾ ಕುಡಿದು ಮುಗಿಸಿ, ಆ ಜಾತಿಯ ಮನುಷ್ಯರ ಗುಳಿಗೆ ಮಿರಜದ ಔಷಧದ ಅಂಗಡಿಯಲ್ಲಿ ಸಿಗುತ್ತದೆ, ತಮ್ಮ ಜವಾಬ್ದಾರಿಯ ಮೇಲೆ ಚೀಟಿ ಬರೆದುಕೊಡುತ್ತೇನೆ ಅಂದರು. "ಈಗ ಆಕಿ ಹಾಲ ಕೊಡೂದಿಲ್ಲ, ಅದೊಂದ ಬರೋಬರ ಆತು. ಇಲ್ಲಂದ್ರ ನಾ ಕೈ ಹಾಕ್ತಿರಲಿಲ್ಲ. ಆದ್ರ ಸುಜಾತಾ, ಇದು ಕತ್ತಲ್ಯಾಗ ಕಲ್ಲ ಒಗದಂಗ. ತಾಗಿದ್ರ ತಾಗ್ತು." ಬೇರೆ ಯಾರಿಗೂ ಇದನ್ನು ಹೇಳಕೂಡದು ಅಂತ ಮಾತು ತೆಗೆದುಕೊಂಡರು. ಮಂದಿ ಅಂಗಡಿಗೆ ಮುಗಿಬಿದ್ದರೆ, ಆ ಗುಳಿಗೆಯ ಮೇಲೆ ಬದುಕಿರುವ ರೋಗಿಗಳ ಗತಿಯೇನು?

ಅವರು ಒತ್ತಿ ಹೇಳಿದ್ದು ಒಂದೇ. ಬೆಳಗ್ಗೆ ಒಂದು ಸಲ, ರಾತ್ರಿ ಆದ ಮೇಲೆ ಒಂದು ಸಲ. ನಡುವಿನ ಅಂತರ ಎರಡೂ ಕಡೆ ಒಂದೇ ಇರಬೇಕು. ಔಷಧ ರಕ್ತದಲ್ಲಿ ಸತತ ಇದ್ದರೆ ಕತ್ತರಿ ಆಡುವುದಿಲ್ಲ. ಅದು ಇಳಿಯಿತೋ, ಕತ್ತರಿ ಮತ್ತೆ ತನ್ನ ಕೆಲಸ ಶುರು ಮಾಡುತ್ತದೆ. ನಾನೂ ಅದನ್ನೇ ಮಾವಶಿಗೆ ಹೇಳಿದೆ. ಬೆಳಗಿನದನ್ನು ಪುಡಿ ಮಾಡಿ, ನೀರಲ್ಲಿ ಕದಡಿ, ಬಿದಿರಿನ ಗೊಟ್ಟದಿಂದ ಹರಣಿಯ ಬಾಯಿಗೆ ಹಾಕಿ ನಾನು ಬಸ್ಸು ಹಿಡಿಯುತ್ತಿದ್ದೆ. ಆ ದಿನಗಳಲ್ಲಿ ಪ್ರಯೋಗಾಲಯದ ಕೆಲಸ ಮುಗಿಯುವಷ್ಟರಲ್ಲಿ ಕತ್ತಲಾಗಿ, ಮನೆ ಮುಟ್ಟುವಾಗ ಗುಳಿಗೆಯ ಹೊತ್ತು ಮೀರಿರುತ್ತಿತ್ತು, ಹಾಗಾಗಿ ಎರಡನೆಯದು ಮಾವಶಿಯ ಪಾಲಿಗೆ. "ಹಾಕೀಯೇನ?" ಅಂತ ಬಂದ ಕೂಡಲೇ ಕೇಳುತ್ತಿದ್ದೆ. "ಹಾಕೇನಿ" ಅನ್ನುತ್ತಿದ್ದಳು. ಮಾವಶಿ ಸುಳ್ಳು ಹೇಳುವವಳಲ್ಲ.

ಮೊದಲು ಜ್ವರ ಇಳಿಯಿತು. ಹರಣಿ ಒಂದು ಹಿಡಿ ಹಸಿಹುಲ್ಲು ತಿಂದಳು. ಮಾವಶಿ ಅಂಗಳದಲ್ಲಿ ನಿಂತು ಅತ್ತಳು, ನಾನು ಕೊಟ್ಟಿಗೆಯಲ್ಲಿ ನಿಂತು ಅತ್ತೆ, ಕಾಕಾ ಇಬ್ಬರಿಗೂ ಹುಚ್ಚು ಅಂದರು. ಅದೇ ವಾರ ಆಚೆ ಮನೆಯ ಜರ್ಸಿ ಆಕಳಿಗೂ ಜ್ವರ ಇಳಿಯಿತು. ಅದಕ್ಕೆ ಬೇವಿನ ನೀರು ಬಿಟ್ಟರೆ ಏನೂ ಕೊಟ್ಟಿರಲಿಲ್ಲ. ಹಾಗಾದರೆ ನಮ್ಮ ಗುಳಿಗೆ ಮಾಡಿದ್ದೇನು? ಆಮೇಲೆ ಹರಣಿಗೆ ಜ್ವರ ಮತ್ತೆ ಏರಿತು, ಜರ್ಸಿಗೆ ಏರಲಿಲ್ಲ. ಗುಳಿಗೆ ಕೆಡುಕು ಮಾಡಿತೆ? ಖಿಲಾರಿ ಗಟ್ಟಿ, ಜರ್ಸಿ ಮೆತ್ತಗೆ ಅನ್ನುತ್ತಾರಲ್ಲ, ಇಲ್ಲಿ ಎಲ್ಲ ತಿರುವುಮುರುವು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಒಂದು ದಿನ ಗುಳಿಗೆಯ ಪರವಾಗಿ, ಒಂದು ದಿನ ವಿರುದ್ಧವಾಗಿ ನನ್ನೊಳಗೇ ವಾದ ಮಾಡುತ್ತಿದ್ದೆ. ತಟ್ಟೆಗಳ ಮುಂದೆ ಕೂತರೂ ಕಣ್ಣಿಗೆ ಕಾಣುವುದು ಹರಣಿಯ ಊದಿದ ಕಾಲೇ.

ಕೃಷ್ಣೆಯ ನೀರು ಏರಿದೆ ಅಂತ ಒಂದು ದಿನ ಪ್ರಯೋಗಾಲಯ ಮಧ್ಯಾಹ್ನಕ್ಕೇ ಬಾಗಿಲು ಹಾಕಿತು. ಮನೆಗೆ ಬಂದೆ. ದಟ್ಟ ಮೋಡ, ಹಗಲಲ್ಲೇ ಮಬ್ಬು. ಮಾವಶಿ ಗೊಟ್ಟ ತೊಳೆಯುತ್ತಿದ್ದಳು.

"ಯಾಕ ತೊಳ್ಯಾಕತ್ತಿ?"

"ಸಂಜೀದು ಹಾಕಿ ಮುಗಿಸೇನಿ."

"ಸಂಜೀದು? ಈಗ? ಇನ್ನಾ ಮೂರ ಬಡದಿಲ್ಲ ಮಾವಶಿ!"

"ಸೂರ್ಯಾ ಎಲ್ಲಿ ಅದಾನ ತೋರ್ಸು. ಹೊತ್ತ ಮುಳುಗಿದ ಮ್ಯಾಲ ಈ ಮನ್ಯಾಗ ಯಾರ ಬಾಯಿಗೂ ಏನೂ ಬೀಳಂಗಿಲ್ಲ. ಹರಣಿನೂ ಈ ಮನಿಯಾಕಿನ."

ನನಗೆ ಮೊದಲು ತಿಳಿಯಲೇ ಇಲ್ಲ. ಆಮೇಲೆ ತಿಳಿಯಿತು. ಮೋಡವಿದ್ದ ಪ್ರತಿ ದಿನವೂ ಎರಡನೆಯ ಗುಳಿಗೆ ಮಧ್ಯಾಹ್ನಕ್ಕೇ ಬಿದ್ದಿದೆ. ಆ ಮಳೆಗಾಲದಲ್ಲಿ ಮೋಡವಿಲ್ಲದ ದಿನ ಯಾವುದಿತ್ತು? ಬೆಳಗಿನದು, ಅದರ ಬೆನ್ನಿಗೇ ಇನ್ನೊಂದು, ಆಮೇಲೆ ಮರುದಿನದವರೆಗೆ ಏನಿಲ್ಲ. ರಾತ್ರಿಯಿಡೀ ಕತ್ತರಿ ತನ್ನಿಷ್ಟದಂತೆ ಆಡಿದೆ.

"ರಾತ್ರೆಲ್ಲಾ ಮೆಲಕ ಹಾಕತಾಳಲ್ಲ ನಿನ್ನ ಹರಣಿ, ಅದು ನಡೀತೈತೇನ?" ಅಂತ ಕೂಗಿದೆ.

"ಅದು ಹಗಲಿ ತಿಂದದ್ದು" ಅಂದಳು ಮಾವಶಿ. ಅವಳ ಲೆಕ್ಕದಲ್ಲಿ ಅದಕ್ಕೂ ಜಾಗ ಇತ್ತು.

ಬಾಯಿಗೆ ಬಂದದ್ದು ಅಂದೆ. ಕನ್ನಡ ಸಾಲದೆ ಮರಾಠಿಯಲ್ಲೂ ಅಂದೆ. ಕಾಕಾ ಬಾಗಿನಿಂದ ಕೆಸರುಗಾಲಲ್ಲಿ ಓಡಿಬಂದರು. ವಿಷಯ ಕೇಳಿ ಹಣೆ ಹಣೆ ಬಡಿದುಕೊಂಡರು. "ನಿಮ್ಮ ಮಾವಶಿ ಪುಣ್ಯಾನ ಮನಿಮಂದಿಗೆಲ್ಲಾ ಹಂಚತಾಳವಾ, ಬೇಕಂದವರಿಗೂ ಬ್ಯಾಡಂದವರಿಗೂ." ಮಾವಶಿ ಗೊಟ್ಟವನ್ನು ಗೂಟಕ್ಕೆ ತೂಗುಹಾಕಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಮಳೆಯಲ್ಲಿ ಬಸದಿಗೆ ನಡೆದಳು. ಬೈದ ಬಾಯಿ ಮುಚ್ಚಿಕೊಂಡು ನಾನೂ ಛತ್ರಿ ಹಿಡಿದು ಹಿಂದೆ ಹೋದೆ.

ಮಾತಾಜಿ ಚಾಪೆಯ ಮೇಲೆ ಕೂತಿದ್ದರು. ಬೆಳಗಾವಿ ಕಡೆಯವರು, ಮೆತ್ತಗಿನ ದನಿ. ಮಾವಶಿ ನಮಸ್ಕಾರ ಮಾಡಿ ಎಲ್ಲ ಹೇಳಿದಳು. ಗುಳಿಗೆ, ಕತ್ತರಿ, ಮೋಡ, ಒಂದನ್ನೂ ಬಿಡಲಿಲ್ಲ, ನಾನು ಬೈದದ್ದನ್ನು ಮಾತ್ರ ಬಿಟ್ಟಳು.

ಮಾತಾಜಿ ಕೇಳಿದರು, "ನೇಮ ಯಾರು ತಗೊಂಡದ್ದು ತಾಯಿ? ನೀವೋ, ಆಕಳೋ?"

"ನಾನ್ರಿ."

"ಹಂಗಾದ್ರ ನೀವು ನಡೆಸ್ರಿ. ಆಕಳಿಗೆ ಬ್ಯಾನಿ ಐತಿ, ಅದಕ್ಕ ಬೇಕಾದ ಹೊತ್ತಿಗೆ ಔಷಧ ಹಾಕ್ರಿ."

ಇಷ್ಟೇ. ಮಾವಶಿ ಮತ್ತೊಮ್ಮೆ ನಮಸ್ಕಾರ ಮಾಡಿ ಎದ್ದಳು. ಹಾದಿಯಲ್ಲಿ ಒಮ್ಮೆ ಮಾತ್ರ, "ಇಷ್ಟ ಸಣ್ಣ ಮಾತು ನನಗ ಯಾಕ ಹೊಳೀಲಿಲ್ಲ?" ಅಂದಳು. ನನ್ನ ಸಿಟ್ಟು ಎಲ್ಲಿ ಹೋಯಿತೋ. ಅವಳ ಒದ್ದೆ ಕೈ ಹಿಡಿದುಕೊಂಡೆ.

ಅಂದಿನಿಂದ ದೀಪ ಹಚ್ಚಿದ ಮೇಲೆ ಮಾವಶಿಯೇ ಗೊಟ್ಟ ಹಿಡಿದಳು. ತಾನು ನೀರೂ ಮುಟ್ಟದ ಬಾಯಲ್ಲಿ ಣಮೋಕಾರ ಮಂತ್ರ ಹೇಳುತ್ತ, ಹರಣಿಯ ದವಡೆ ಎತ್ತಿ ಹಾಕುತ್ತಿದ್ದಳು. ಮೊದಲ ಸಲ ಹರಣಿ ತಲೆ ಕೊಡವಿದ್ದಕ್ಕೆ ಅರ್ಧ ಚೆಲ್ಲಿತು. ನಾನು ಇನ್ನೊಂದು ಕದಡಿ ಕೊಟ್ಟೆ. ಜ್ವರ ಒಮ್ಮೆ ಇಳಿಯಿತು. ಆದರೆ ಗಂಟುಗಳು ಒಡೆದು ಹುಣ್ಣಾಗಿದ್ದವು, ಉಸಿರು ಗೊರಗೊರ ಅನ್ನುತ್ತಿತ್ತು. ಮಾನೆ ಡಾಕ್ಟರರು ಎದೆಗೆ ಕಿವಿಗೊಟ್ಟು, "ಫುಪ್ಪುಸಕ್ಕ ಇಳದೈತಿ" ಅಂದರು. ಫುಪ್ಪುಸ ಅಂದರೆ ಶ್ವಾಸಕೋಶ. ಮಾವಶಿ ಅರ್ಥ ಕೇಳಲಿಲ್ಲ.

ಭಾದ್ರಪದದ ದಶಲಕ್ಷಣ ಪರ್ವದ ನಡುವೆ ಒಂದು ಬೆಳಗ್ಗೆ ಹರಣಿ ಏಳಲಿಲ್ಲ. ಮಾವಶಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವಳೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದಳು. "ತಪ್ಪಾತಲ್ಲ ನನ್ನವ್ವಾ, ತಪ್ಪಾತು." ಕಿವಿ ಒಮ್ಮೆ ಅಲುಗಿತು. ಆಮೇಲೆ ಇಲ್ಲ. ಬಾಗಿನ ಅಂಚಿಗೆ ಜೆಸಿಬಿ ತರಿಸಿ, ಆಳದ ಗುಂಡಿ ತೋಡಿಸಿ, ಸುಣ್ಣ ಉಪ್ಪು ಸುರಿದು ಮಣ್ಣು ಮಾಡಿದೆವು. ಮಾವಶಿ ಅಲ್ಲಿಗೆ ಬರಲಿಲ್ಲ. ಕೊಟ್ಟಿಗೆ ಗುಡಿಸುತ್ತಿದ್ದಳು, ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದಳು.

ಚಳಿಗಾಲಕ್ಕೆ ನಾನು ಬೇರೆ ಊರಿಗೆ ಕೆಲಸಕ್ಕೆ ಹೋದೆ. ಹೊಸ ಕಡೆಯೂ ತಟ್ಟೆಗಳೇ, ಕತ್ತರಿಗಳೇ. ಫೋನಿನಲ್ಲಿ, ಹಬ್ಬಕ್ಕೆ ಬಂದಾಗ, ಮದುವೆಮನೆಯಲ್ಲಿ ಊಟದ ಸಾಲಿನಲ್ಲಿ ನಿಂತಾಗ, ಮಾವಶಿ ಒಂದಲ್ಲ ಒಂದು ಗಳಿಗೆ ನೋಡಿ ಕೇಳೇ ಕೇಳುತ್ತಿದ್ದಳು: "ಸುಜಿ, ಮೊದಲಿಂದ ಹೊತ್ತಿಗೆ ಸರಿಯಾಗಿ ಹಾಕಿದ್ರ ಉಳೀತಿದ್ಲೇನ?" ನಾನು ಪ್ರತಿ ಸಲವೂ ತಯಾರಿರುತ್ತಿದ್ದೆ. ಆಕಳಿನ ಹೊಟ್ಟೆಯಲ್ಲಿ ಗುಳಿಗೆ ಕರಗಿ ಕೆಟ್ಟುಹೋಗುತ್ತದೆ ಅನ್ನುತ್ತಿದ್ದೆ. ಲಸಿಕೆ ತಡವಾಗಿತ್ತು ಅನ್ನುತ್ತಿದ್ದೆ. ಅದು ಹೇಗೂ ಹೋಗುವುದೇ ಇತ್ತು, ನಿನ್ನದೇನೂ ಇಲ್ಲ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ ಅನ್ನುತ್ತಿದ್ದೆ. ಅವಳು ತಲೆಯಾಡಿಸಿ ಬೇರೆ ಮಾತು ತೆಗೆಯುತ್ತಿದ್ದಳು. ಸಮಾಧಾನವಾಯಿತು ಅಂತ ನಾನು ತಿಳಿಯುತ್ತಿದ್ದೆ. ಮುಂದಿನ ಸಲ ಮತ್ತೆ ಅದೇ ಪ್ರಶ್ನೆ.

ಮೊನ್ನೆ ರಿಕ್ಷಾ ಇಳಿದು ಮನೆಗೆ ಹೋದಾಗ ಹೊತ್ತು ಮುಳುಗಿತ್ತು. ಈ ಸಲವೂ ಚಾತುರ್ಮಾಸ ನಡೆದಿದೆ, ಮಾವಶಿಯ ಊಟ ಎಂದೋ ಮುಗಿದಿತ್ತು. ಅವಳು ಕೊಟ್ಟಿಗೆಯಲ್ಲಿ ಹೊಸ ಆಕಳಿಗೆ ಬೂಸಾ ಕಲಸಿ ಇಡುತ್ತಿದ್ದಳು, ಬಲ್ಬಿನ ಬೆಳಕಿನಲ್ಲಿ. ಕಾಕಾ ಟಿ.ವಿ. ಮುಂದೆ ಇದ್ದರು. ನಾನು ಬ್ಯಾಗು ಇಟ್ಟು ಗೋದಲಿಯ ಪಕ್ಕ ಕೂತೆ. ಅವಳು ಕೈ ತೊಳೆದುಕೊಳ್ಳುತ್ತ, ನನ್ನ ಕಡೆ ನೋಡದೆ ಮತ್ತೆ ಅದನ್ನೇ ಕೇಳಿದಳು.

ಬಾಯಿ ತೆರೆದೆ. ಆಕಳಿನ ಹೊಟ್ಟೆ, ಲಸಿಕೆ, ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಪ್ರಯಾಣದ ದಣಿವೋ, ಆ ಹೊಗೆಯೋ, ಏನೋ, ಯಾವುದನ್ನೂ ಹೇಳುವ ತ್ರಾಣವೇ ಬರಲಿಲ್ಲ.

"ಗೊತ್ತಿಲ್ಲ ಮಾವಶಿ" ಅಂದೆ. "ಖರೇನ ಗೊತ್ತಿಲ್ಲ. ಉಳೀತಿದ್ಲೋ ಏನೋ. ಹೋಗ್ತಿದ್ಲೋ ಏನೋ. ಆಗೂ ತಿಳೀಲಿಲ್ಲ, ಇವತ್ತಿಗೂ ತಿಳಿದಿಲ್ಲ."

ಅವಳು ನನ್ನ ಕಡೆ ತಿರುಗಿದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಿನಗೂ ಗೊತ್ತಿಲ್ಲಾ?"

"ಇಲ್ಲ."

ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಇದ್ದಳು.

"ನಿನಗ ಗೊತ್ತೈತಿ ಅಂತ ತಿಳಿದಿದ್ದೆ" ಅಂದಳು. "ನಾನ ಕೊಂದದ್ದು ಅಂತ ನಿನಗ ಗೊತ್ತೈತಿ, ನನ್ನ ಮ್ಯಾಲಿನ ಪ್ರೀತಿಗೆ ಮುಚ್ಚಿ ಇಟಗೊಂಡಿ ಅಂತ ತಿಳಿದಿದ್ದೆ."